ಸೊಂಟಕ್ಕೆ ಕಾಲು ಕಟ್ಟಿ ಮಲಗುವುದನ್ನು ಗಾರ್ಡ್ ಅನ್ನಬೇಡಿ

ಬಹಳ ದಿನಗಳಿಂದ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ ಮಾತಿದು. ಇವತ್ತು ಹೇಳಿಬಿಡುತ್ತೇನೆ. ಬೈಯುವವರು ಬೈಯಲಿ.

ನಾನು ಬೆಂಗಳೂರಿನಲ್ಲಿ ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿಯೋಕೆ ಶುರು ಮಾಡಿ ಏಳು ವರ್ಷವಾಯಿತು. ವಯಸ್ಸು ನಲವತ್ತರ ಹತ್ತಿರ, ತೂಕ 58 ಕೆಜಿ, ಹೊಟ್ಟೆಪಾಡಿಗೆ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಚಾಂಪಿಯನ್ ಆಗುವ ಆಸೆ ಯಾವತ್ತೂ ಇರಲಿಲ್ಲ, ಈಗಂತೂ ಇಲ್ಲ. ಆದ್ದರಿಂದ ಇದು ದೊಡ್ಡ ಗುರುವಿನ ಉಪದೇಶವಲ್ಲ. ಏಳು ವರ್ಷ ದೊಡ್ಡವರ ಕೆಳಗೆ ಸಿಕ್ಕಿ ನಜ್ಜುಗುಜ್ಜಾದ ಒಬ್ಬ ಸಣ್ಣ ಮನುಷ್ಯನ ಸಿಟ್ಟು, ಅಷ್ಟೇ.

ಕಳೆದ ಮಳೆಗಾಲದಲ್ಲಿ ನಾನು ಹೋಗುವ ಕಡೆ ಒಬ್ಬ ಹುಡುಗಿ ಸೇರಿದಳು. ಐವತ್ತು ಕೆಜಿ ಇದ್ದರೆ ಹೆಚ್ಚು. ಮೊದಲ ವಾರವೇ ಅವಳಿಗೆ ಕ್ಲೋಸ್ಡ್ ಗಾರ್ಡ್ ಹೇಳಿಕೊಟ್ಟರು. ಮಲಗು, ಎದುರಾಳಿಯ ಸೊಂಟದ ಸುತ್ತ ಕಾಲು ಹಾಕು, ಪಾದಕ್ಕೆ ಪಾದ ಕೊಂಡಿ ಹಾಕು, ಗಟ್ಟಿಯಾಗಿ ಹಿಡಿ, ಬಿಡಬೇಡ. ಆಮೇಲೆ ಎಂಬತ್ತೈದು ಕೆಜಿಯ ಒಬ್ಬ ಹುಡುಗನನ್ನು ಮೇಲೆ ಕೂರಿಸಿ "ಸ್ಪಾರ್ ಮಾಡಿ" ಅಂದರು. ಅವಳು ಹೇಳಿದ ಹಾಗೇ ಮಾಡಿದಳು. ಗಟ್ಟಿಯಾಗಿ ಹಿಡಿದಳು. ಅವನು ಅವಳ ಸೊಂಟದ ಮೇಲೆ ಎರಡೂ ಕೈ ಊರಿ, ಬೆನ್ನು ನೆಟ್ಟಗೆ ಮಾಡಿ, ಎದ್ದು ನಿಂತ. ಕೊಂಡಿ ಪಟ್ ಅಂತ ಬಿಟ್ಟುಕೊಂಡಿತು. ಮುಂದಿನ ನಾಲ್ಕು ನಿಮಿಷ ಅವಳ ಪಕ್ಕೆಲುಬಿನ ಮೇಲೆ ಅವನ ಪೂರಾ ಭಾರ. ಮರುದಿನವೂ ಅದೇ, ಮರುವಾರವೂ ಅದೇ. ಐದನೇ ವಾರ ಅವಳು ಬರಲಿಲ್ಲ.

"ಹುಡುಗೀರಿಗೆ ಇದು ಸ್ವಲ್ಪ ಕಷ್ಟ ಕಣ್ರೀ" ಅಂದರು ಒಬ್ಬರು. ನಾನು ಸುಮ್ಮನಿದ್ದೆ. ಈ ಬರಹ ಆ ಸುಮ್ಮನಿದ್ದದ್ದಕ್ಕೆ ಪ್ರಾಯಶ್ಚಿತ್ತ ಅಂದುಕೊಳ್ಳಿ. ಯಾಕಂದ್ರೆ ಅದು ಹುಡುಗಿಯರಿಗೆ ಕಷ್ಟವಾದ ವಿದ್ಯೆ ಅಲ್ಲ. ಅವಳಿಗೆ ಹೇಳಿಕೊಟ್ಟದ್ದೇ ತಪ್ಪು. ಅರ್ಧ ವಿದ್ಯೆ ಕೊಟ್ಟು, ಅದು ಕೆಲಸ ಮಾಡದಿದ್ದಾಗ ಕಲಿತವಳನ್ನೇ ದೂರಿದ್ದೇವೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಜಿಯು-ಜಿಟ್ಸುವಿನಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲಲ್ಲ. ಎದುರಾಳಿ ಕುತ್ತಿಗೆ ಹಿಸುಕಿಯೋ ಕೀಲು ತಿರುಚಿಯೋ ನಿಮ್ಮಿಂದ ಟ್ಯಾಪ್ ಮಾಡಿಸಬೇಕು, ಇಲ್ಲವೇ ಅಂಕಗಳಲ್ಲಿ ಮುಂದಿರಬೇಕು. ಕೆಳಗಿರುವವನು ಎದುರಾಳಿಯನ್ನು ತನ್ನ ಕಾಲುಗಳಿಂದ ತಡೆದು ಹತೋಟಿಯಲ್ಲಿ ಇಟ್ಟುಕೊಂಡಿದ್ದರೆ ಆ ಸ್ಥಿತಿಗೆ ಗಾರ್ಡ್ ಅನ್ನುತ್ತಾರೆ. ಮೇಲಿರುವವನು ಆ ಕಾಲುಗಳನ್ನು ದಾಟಿ ಹೋದರೆ ಅವನಿಗೆ 3 ಅಂಕ. ಕೆಳಗಿರುವವನು ಅವನನ್ನು ಉರುಳಿಸಿ ತಾನು ಮೇಲೆ ಬಂದರೆ 2 ಅಂಕ. ದಾಟುವ ತನಕ ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. ಜೂಡೋದಲ್ಲೂ ಅಷ್ಟೇ. ಎದುರಾಳಿಯನ್ನು ಅಂಗಾತ ಒತ್ತಿ 20 ಸೆಕೆಂಡ್ ಹಿಡಿದರೆ ಪೂರ್ತಿ ಗೆಲುವು. ಆದರೆ ಕೆಳಗಿರುವವನ ಕಾಲೊಳಗೆ ಸಿಕ್ಕಿಕೊಂಡಿದ್ದರೆ ಆ ಎಣಿಕೆ ಶುರುವಾಗುವುದೇ ಇಲ್ಲ. ಕಾಲಿನ ಬೆಲೆ ಜಪಾನಿನವರಿಗೂ ಗೊತ್ತಿತ್ತು ಅಂತಾಯಿತು.

ನಮ್ಮವರಿಗೆ ಇದನ್ನು ಒಪ್ಪಿಸುವುದು ಕಷ್ಟ. ನಮ್ಮ ಸೋದರಮಾವ ಚಿಕ್ಕಂದಿನಲ್ಲಿ ಗರಡಿ ಮನೆಯ ಮಣ್ಣಲ್ಲಿ ಹೊರಳಾಡಿದವರು. ಒಮ್ಮೆ ನನ್ನ ಮೊಬೈಲಿನಲ್ಲಿ ಒಂದು ಪಂದ್ಯ ತೋರಿಸಿದೆ. ಎರಡು ನಿಮಿಷ ನೋಡಿ ಹೇಳಿದರು: "ಬೆನ್ನು ಮಣ್ಣಿಗೆ ತಾಗಿದ ಮೇಲೆ ಇನ್ನೇನೋ ಆಟ? ಅವನು ಚಿತ್ ಆಗಿದಾನೆ. ಎದ್ದು ಮನೆಗೆ ಹೋಗೋಕೆ ಹೇಳು." ಮೈಸೂರು ದಸರಾ ಕುಸ್ತಿ ನೋಡಿ ಬೆಳೆದವರು ಬೇರೆ ಹೇಗೆ ಹೇಳಿಯಾರು? ಕುಸ್ತಿಯಲ್ಲಿ ಬೆನ್ನು ಕಾಯುವುದೇ ಮಾನ.

ಆ ದಿನ ನಾನು ಅವರ ಜೊತೆ ಜಗಳವಾಡಿದೆ. ಈಗ ಯೋಚಿಸಿದರೆ ಮಾವ ಅರ್ಧ ಸರಿ. ನಾನು ತೋರಿಸಿದ ಪಂದ್ಯದಲ್ಲಿ ಕೆಳಗಿದ್ದವನು ಏನನ್ನೂ ಮಾಡುತ್ತಿರಲಿಲ್ಲ. ಸೊಂಟಕ್ಕೆ ಕಾಲು ಕಟ್ಟಿ, ಗಡಿಯಾರ ನೋಡುತ್ತಾ ಮಲಗಿದ್ದ. ಅದನ್ನು ನೋಡಿ ಒಬ್ಬ ಕುಸ್ತಿಪಟು ನಗದೇ ಇನ್ನೇನು ಮಾಡುತ್ತಾನೆ?

ನನ್ನ ವಾದ ಇಷ್ಟೇ. ಸೊಂಟದ ಮಟ್ಟದಲ್ಲಿ ಕಾಲು ಕಟ್ಟಿಕೊಂಡು ಅಲ್ಲೇ ಉಳಿಯುವುದು ಗಾರ್ಡ್ ಅಲ್ಲ, ಬರೀ ಹಿಡಿದುಕೊಂಡಿರುವುದು. ಕಾಲು ಮೇಲೆ ಹತ್ತಬೇಕು. ಎದುರಾಳಿಯ ಕಂಕುಳಿನ ತನಕ, ಭುಜದ ಎಲುಬಿನ ತನಕ, ಆದರೆ ಭುಜವನ್ನೂ ದಾಟಿ. ಅದಕ್ಕೇ ಹೈ ಗಾರ್ಡ್ ಅನ್ನುವುದು. ಇದನ್ನು ಹೊಸಬರಿಗೆ, ಅದರಲ್ಲೂ ಹಗುರ ಮೈಯವರಿಗೆ, ಮೊದಲ ವಾರದಿಂದಲೇ ಕಲಿಸಬೇಕು. "ಅದೆಲ್ಲ ಬ್ಲೂ ಬೆಲ್ಟ್ ಬಂದಮೇಲೆ" ಅನ್ನುವುದು ಅನ್ಯಾಯ.

ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ.

ಹಳ್ಳಿಯಲ್ಲಿ ಏತ ನೋಡಿದ್ದೀರಾ? ಬಾವಿಯಿಂದ ನೀರೆತ್ತುವ ಉದ್ದ ಮರ. ಗೂಟದ ಹತ್ತಿರ ನಿಂತು ಮರವನ್ನು ಅದುಮಿ ನೋಡಿ, ಪೈಲ್ವಾನನ ಕೈಯಲ್ಲೂ ಆಗಲ್ಲ. ಅದೇ ಮರದ ತುದಿಗೆ ಹೋದರೆ ಒಬ್ಬ ಪೋರನೂ ಬಗ್ಗಿಸುತ್ತಾನೆ. ಎದುರಾಳಿಯ ಬೆನ್ನು ಆ ಮರ, ಅವನ ಸೊಂಟದ ಕೀಲು ಆ ಗೂಟ. ನೀವು ಸೊಂಟಕ್ಕೆ ಕಾಲು ಕಟ್ಟಿದಾಗ ಗೂಟದಿಂದ ಅರ್ಧ ಗೇಣು ದೂರದಲ್ಲಿ ಎಳೆಯುತ್ತಿದ್ದೀರಿ. ಅವನು ಉಸಿರು ಎಳೆದುಕೊಂಡು ಬೆನ್ನು ನೆಟ್ಟಗೆ ಮಾಡಿದರೆ ಮುಗೀತು. ಕಾಲು ಭುಜದ ಎಲುಬಿಗೆ ಹತ್ತಿದಾಗ ಅದೇ ಕಾಲು, ಅದೇ ಬಲ, ಎರಡು ಗೇಣು ದೂರದಲ್ಲಿ ಕೆಲಸ ಮಾಡುತ್ತೆ. ಈಗ ಬೆನ್ನು ನೆಟ್ಟಗೆ ಮಾಡಬೇಕಾದರೆ ಅವನು ನಿಮ್ಮ ಕಾಲುಗಳ ಭಾರವನ್ನೆಲ್ಲ ಎತ್ತಬೇಕು, ಜೊತೆಗೆ ನಿಮ್ಮ ಅರ್ಧ ಮೈಯನ್ನೂ ಎತ್ತಬೇಕು. 58 ಕೆಜಿಯವನು 85 ಕೆಜಿಯವನನ್ನು ಬಗ್ಗಿಸಿ ಇಟ್ಟುಕೊಳ್ಳೋಕೆ ಸಾಧ್ಯವಾಗುವುದು ಇಲ್ಲಿ ಮಾತ್ರ.

ಇದು ಮೊದಲ ಲಾಭ. ಎರಡನೆಯದು ಇನ್ನೂ ಮುಖ್ಯ. ಕಾಲು ಕೆಳಗಿದ್ದಾಗ ನಿಮ್ಮ ಸೊಂಟ ನೆಲಕ್ಕೆ ಅಂಟಿಕೊಂಡಿರುತ್ತೆ. ಅವನು ನೇರ ಎದುರಿಗಿದ್ದಾನೆ, ಅವನ ಎರಡೂ ಕೈ ಸ್ವತಂತ್ರ. ಆ ಜಾಗದಿಂದ ನೀವು ಯಾವ ಪಟ್ಟನ್ನೂ ಹಾಕಲಾರಿರಿ. ಅವನಿಗೋ, ಎದ್ದು ನಿಲ್ಲಬಹುದು, ಮಂಡಿಯನ್ನು ನಿಮ್ಮ ಬಾಲಮೂಳೆಗೆ ಒತ್ತಿ ಕೊಂಡಿ ಬಿಡಿಸಬಹುದು, ಬೇಕಾದಷ್ಟು ದಾರಿ. ಕಾಲು ಮೇಲೆ ಹತ್ತಿದಾಗ ನಿಮ್ಮ ಸೊಂಟ ನೆಲ ಬಿಟ್ಟು ಎದ್ದಿರುತ್ತೆ, ಪಕ್ಕಕ್ಕೆ ತಿರುಗಿರುತ್ತೆ, ಅವನ ಒಂದು ಕೈ ನಿಮ್ಮ ತೊಡೆಗಳ ನಡುವೆ ಸಿಕ್ಕಿರುತ್ತೆ. ಆರ್ಮ್‌ಬಾರ್, ಟ್ರಯಾಂಗಲ್, ಓಮೊಪ್ಲಾಟಾ ಮೂರೂ ಅಲ್ಲಿಂದ ಒಂದೇ ಹೆಜ್ಜೆ.

ಹತ್ತುವುದು ಹೇಗೆ? ಬರಹ ಓದಿ ಯಾರೂ ಪಟ್ಟು ಕಲಿಯಲ್ಲ, ಗೊತ್ತು. ಆದರೂ ಇದು ಎಷ್ಟು ಸರಳ ಅಂತ ತೋರಿಸೋಕೆ ಹೇಳುತ್ತೇನೆ.

ಮೊದಲು ಅವನ ಬೆನ್ನು ಬಗ್ಗಿಸಬೇಕು. ಬರೀ ಕೈಯಿಂದ ಎಳೆದರೆ ಬರಲ್ಲ. ನಿಮ್ಮ ಎರಡೂ ಮಂಡಿಗಳನ್ನು ನಿಮ್ಮ ಎದೆಯ ಕಡೆ ಜೋರಾಗಿ ಎಳೆದುಕೊಳ್ಳಿ, ಅದೇ ಕ್ಷಣ ಅವನ ಕಾಲರನ್ನೋ ಮೊಣಕೈಯನ್ನೋ ಎಳೆಯಿರಿ. ಅವನು ಮುಂದಕ್ಕೆ ಮುಗ್ಗರಿಸುತ್ತಾನೆ. ಆಗ ಅವನ ಒಂದು ಕೈಯನ್ನು ಹಿಡಿದು ನಿಮ್ಮ ಎದೆಯ ಅಡ್ಡಕ್ಕೆ ತಂದು ಒತ್ತಿ ಇಟ್ಟುಕೊಳ್ಳಿ. ಪಾದದ ಕೊಂಡಿ ಬಿಡಿ. ಹೌದು, ಬಿಡಿ, ಹೆದರಬೇಡಿ. ಆ ಕೈಯ ಕಡೆಯ ಪಾದವನ್ನು ಅವನ ಸೊಂಟದ ಮೇಲೆ ಊರಿ, ಅಲ್ಲಿಂದ ತಳ್ಳಿಕೊಂಡು ನಿಮ್ಮ ಸೊಂಟವನ್ನು ಪಕ್ಕಕ್ಕೆ ಸರಿಸಿ. ಇನ್ನೊಂದು ಕಾಲಿನ ಮಂಡಿಯನ್ನು ಅವನ ಮತ್ತೊಂದು ಕಂಕುಳಿನ ತನಕ ಏರಿಸಿ ಒತ್ತಿ. ಕೊನೆಗೆ ಸೊಂಟದ ಮೇಲಿದ್ದ ಕಾಲನ್ನು ಅವನ ಭುಜದ ಮೇಲಿಂದ ಹಾಕಿ, ಬೆನ್ನ ಹಿಂದೆ ಮತ್ತೆ ಕೊಂಡಿ ಹಾಕಿ. ಮುಗೀತು. ಈಗ ಅವನು ನಿಮ್ಮ ಎದೆಗೆ ಅಂಟಿಕೊಂಡಿದ್ದಾನೆ, ಒಂದು ಕೈ ಸೆರೆಯಲ್ಲಿದೆ.

ಇಲ್ಲಿಂದ ಅವನು ಏನು ಮಾಡಿದರೂ ನಿಮಗೆ ಒಂದು ಉತ್ತರ ಇದೆ. ಸುಮ್ಮನಿದ್ದರೆ ಆರ್ಮ್‌ಬಾರ್. ಸಿಕ್ಕಿರುವ ಕೈಯನ್ನು ಕಿತ್ತುಕೊಂಡರೆ ಒಂದು ಕೈ ಹೊರಗೆ, ಒಂದು ಕೈ ಒಳಗೆ ಉಳಿಯುತ್ತೆ, ಅದೇ ಟ್ರಯಾಂಗಲ್. ಟ್ರಯಾಂಗಲ್ ತಪ್ಪಿಸಿಕೊಳ್ಳೋಕೆ ಕೈಯನ್ನು ಪಕ್ಕಕ್ಕೆ ತಳ್ಳಿ ತಲೆ ಎತ್ತಿದರೆ ಓಮೊಪ್ಲಾಟಾ. ಬಲ ಬೇಕು ನಿಜ, ಆದರೆ ಅದು ತೊಡೆಯ ಬಲ. ನಮ್ಮ ಮೈಯಲ್ಲಿ ಕೈಗಿಂತ ಕಾಲಲ್ಲೇ ಹೆಚ್ಚು ಬಲ ಇರುವುದು. ನಮ್ಮ ಕಾಲಿನ ಬಲವನ್ನು ಅವರ ಕೈಯ ಬಲಕ್ಕೆ ಎದುರಾಗಿ ನಿಲ್ಲಿಸುವುದೊಂದೇ ಸಣ್ಣವರಿಗಿರುವ ದಾರಿ.

ಸರಿ, ಇದನ್ನು ಹೇಳಿದಾಗಲೆಲ್ಲ ನನಗೆ ಸಿಗುವ ಉತ್ತರಗಳು ಇವು. ಒಂದೊಂದಾಗಿ ನೋಡೋಣ.

"ಹೊಸಬರು ಕಾಲು ಮೇಲೆ ಹತ್ತಿಸಿದರೆ ಸ್ಟ್ಯಾಕ್ ಆಗ್ತಾರೆ, ಕುತ್ತಿಗೆಗೆ ಪೆಟ್ಟು."

ಇದು ನಿಜವಾದ ಆಕ್ಷೇಪ, ತಳ್ಳಿಹಾಕಲ್ಲ. ಸೊಂಟ ಮೇಲೆದ್ದಿರುವಾಗ ಎದುರಾಳಿ ಮುಂದಕ್ಕೆ ನುಗ್ಗಿ ನಿಮ್ಮನ್ನು ಚಾಪೆ ಸುತ್ತಿದ ಹಾಗೆ ಕುತ್ತಿಗೆಯ ಮೇಲೆ ಮಡಚಬಹುದು. ನನಗೂ ಆಗಿದೆ, ಹತ್ತು ದಿನ ತಲೆ ತಿರುಗಿಸಲಾಗದೆ ಆಫೀಸಿನಲ್ಲಿ ರೋಬೋಟ್ ತರಹ ಓಡಾಡಿದ್ದೇನೆ. ಆದರೆ ಅದು ಯಾಕಾಯಿತು ಗೊತ್ತೇ? ಕಾಲು ಹತ್ತಿಸಿದ್ದೆ, ಪಕ್ಕಕ್ಕೆ ಸರಿದಿರಲಿಲ್ಲ. ಅವನ ನೇರ ಎದುರಿಗೇ ಉಳಿದಿದ್ದೆ. ಪಕ್ಕಕ್ಕೆ ತಿರುಗಿದವನನ್ನು ಮಡಚುವುದು ಕಷ್ಟ, ಜೊತೆಗೆ ಕೈಯಿಂದ ಅವನ ಒಂದು ಕಾಲನ್ನು ಒಳಗಿನಿಂದ ತಬ್ಬಿದರೆ ಇನ್ನೂ ಕಷ್ಟ. ಅಂದರೆ ಇದಕ್ಕೆ ಮದ್ದು ಹೈ ಗಾರ್ಡ್ ಕಲಿಸದಿರುವುದಲ್ಲ, ಪೂರ್ತಿ ಕಲಿಸುವುದು. ಈಜು ಕಲಿಸುವಾಗ "ನೀರಲ್ಲಿ ಮುಳುಗ್ತೀಯ, ಅದಕ್ಕೆ ಮೊದಲ ವರ್ಷ ದಡದಲ್ಲೇ ಕೂತಿರು" ಅಂತ ಯಾರಾದರೂ ಹೇಳ್ತಾರಾ? ಮೊದಲ ಪಾಠ ಇದಾಗಲಿ: ಕುತ್ತಿಗೆ ಮಡಚುತ್ತಿದೆ ಅನ್ನಿಸಿದ ಕೂಡಲೇ ಕೊಂಡಿ ಬಿಡು, ಇಲ್ಲವೇ ಟ್ಯಾಪ್ ಮಾಡು. ಅಹಂಕಾರ ಬೇಡ.

"ನಿಜವಾದ ಹೊಡೆದಾಟದಲ್ಲಿ ಎತ್ತಿ ಕುಕ್ಕಿಬಿಡ್ತಾರೆ."

ಹೌದು, ಕುಕ್ಕುತ್ತಾರೆ. 2001ರ ನವೆಂಬರಿನಲ್ಲಿ ಯುಎಫ್‌ಸಿಯಲ್ಲಿ ಕಾರ್ಲೋಸ್ ನ್ಯೂಟನ್ ಹಾಕಿದ್ದ ಟ್ರಯಾಂಗಲ್ ಸಮೇತ ಮ್ಯಾಟ್ ಹ್ಯೂಸ್ ಅವನನ್ನು ಎತ್ತಿ ಕುಕ್ಕಿದ, ನ್ಯೂಟನ್ ಪ್ರಜ್ಞೆ ತಪ್ಪಿದ. 2004ರಲ್ಲಿ ಜಪಾನಿನ ಪ್ರೈಡ್ ಕೂಟದಲ್ಲಿ ರಿಕಾರ್ಡೊ ಅರೋನಾನಿಗೆ ಕ್ವಿಂಟನ್ ಜಾಕ್ಸನ್ ಮಾಡಿದ್ದೂ ಅದೇ. ಆ ಎರಡು ವಿಡಿಯೋಗಳನ್ನು ನಾನೇ ಹೊಸಬರಿಗೆ ತೋರಿಸುತ್ತೇನೆ. ಅವು ಹೇಳುವ ಪಾಠ ಸ್ಪಷ್ಟ. ಎದುರಾಳಿ ಎದ್ದು ನಿಂತು ನಿಮ್ಮನ್ನು ಗಾಳಿಗೆ ಎತ್ತುತ್ತಿದ್ದಾನೆ ಅಂದರೆ ಅವನ ಕಾಲು ಹಿಡಿಯಿರಿ, ಇಲ್ಲವೇ ಬಿಟ್ಟು ಇಳಿಯಿರಿ. ಜಿಯು-ಜಿಟ್ಸು ಸ್ಪರ್ಧೆಗಳನ್ನು ನಡೆಸುವ ಅಂತರರಾಷ್ಟ್ರೀಯ ಫೆಡರೇಷನ್ನಿನ ನಿಯಮದಲ್ಲಿ ಕುಕ್ಕಿದವನೇ ಅನರ್ಹ. ಇನ್ನು ಬೀದಿ ಜಗಳದ ಮಾತಾದರೆ, ಸೊಂಟಕ್ಕೆ ಕಾಲು ಕಟ್ಟಿದವನ ಗತಿ ಏನು? ಎದುರಾಳಿಯ ಬೆನ್ನು ನೆಟ್ಟಗಿದೆ, ಎರಡೂ ಕೈ ಖಾಲಿ, ಮೇಲಿಂದ ಮುಖಕ್ಕೆ ಗುದ್ದುತ್ತಾನೆ. ಹೈ ಗಾರ್ಡಿನಲ್ಲಿ ಅವನ ತಲೆ ನಿಮ್ಮ ಎದೆಗೆ ಅಂಟಿರುತ್ತೆ, ಕೈ ಬೀಸೋಕೆ ಜಾಗವೇ ಇರಲ್ಲ. ಯಾವುದು ಹೆಚ್ಚು ಸುರಕ್ಷಿತ, ನೀವೇ ಹೇಳಿ.

"ನನ್ನ ಮೈ ಬಗ್ಗಲ್ಲ, ಇದೆಲ್ಲ ಯೋಗ ಮಾಡೋರಿಗೆ."

ಇಲ್ಲಿ ಒಂದು ಗೊಂದಲ ಇದೆ. ಇವರು ಹೈ ಗಾರ್ಡ್ ಅಂದಾಗ ರಬ್ಬರ್ ಗಾರ್ಡನ್ನು ನೆನಪಿಸಿಕೊಳ್ಳುತ್ತಾರೆ. ಅದು ಅಮೆರಿಕದ ಎಡ್ಡಿ ಬ್ರಾವೋ ಹೆಸರಿನ ಜೊತೆ ಅಂಟಿಕೊಂಡಿರುವ ಪದ್ಧತಿ. 2003ರಲ್ಲಿ ಸಾವೊ ಪೌಲೊದ ಎಡಿಸಿಸಿ ಕೂಟದಲ್ಲಿ ಬ್ರಾವೋ ರಾಯ್ಲರ್ ಗ್ರೇಸಿಯಂಥವನಿಗೆ ಟ್ರಯಾಂಗಲ್ ಹಾಕಿ ಟ್ಯಾಪ್ ಮಾಡಿಸಿದ ಮೇಲೆ ಜಗತ್ತೆಲ್ಲ ಅವನ ಕಡೆ ತಿರುಗಿ ನೋಡಿತು. ರಬ್ಬರ್ ಗಾರ್ಡಿನಲ್ಲಿ ನಿಮ್ಮ ಕಾಲನ್ನು ನಿಮ್ಮದೇ ಕೈಯಿಂದ ಎದುರಾಳಿಯ ಕುತ್ತಿಗೆಯ ಮೇಲೆ ಎಳೆದು ಹಿಡಿಯಬೇಕು. ಅದಕ್ಕೆ ಸೊಂಟದ ಕೀಲು ಚೆನ್ನಾಗಿ ತಿರುಗಬೇಕು. ತಿರುಗದಿದ್ದರೆ ಮಂಡಿ ತಿರುಚಿಕೊಂಡು ಹಾಳಾಗುತ್ತೆ. ಹೈ ಗಾರ್ಡಿಗೆ ಅಷ್ಟೆಲ್ಲ ಬೇಡ. ಕಾಲನ್ನು ಮಡಚಿ ತಿರುಚುವ ಕೆಲಸವಿಲ್ಲ, ಸೊಂಟ ಎತ್ತಿ ಪಕ್ಕಕ್ಕೆ ಸರಿಯುವುದಷ್ಟೇ. ನೆಲದ ಮೇಲೆ ಚಕ್ಕಳಮಕ್ಕಳ ಕೂತು ಊಟ ಮಾಡಲಾರದ ನಾನೇ ಮಾಡುತ್ತೇನೆ ಅಂದಮೇಲೆ ನಿಮಗೇನು ಕಷ್ಟ?

"ಕ್ಲೋಸ್ಡ್ ಗಾರ್ಡೇ ಹಳೇ ಕಾಲದ್ದು ಮಾರಾಯ. ಈಗ ಎಲ್ಲ ಡಿ ಲಾ ರೀವಾ, ಬೆರಿಂಬೋಲೋ."

ಇದನ್ನು ಹೇಳುವವರು ಸಾಮಾನ್ಯವಾಗಿ ಇಪ್ಪತ್ತೆರಡು ವರ್ಷದವರು. ಅವರ ಬೆನ್ನಿನ ಮೇಲೆ ಅವರು ತಲೆಕೆಳಗಾಗಿ ಉರುಳಲಿ, ನನ್ನ ತಕರಾರಿಲ್ಲ. ಆದರೆ ಆ ಆಟಕ್ಕೆ ವೇಗ ಬೇಕು, ಪಾದದ ಹಿಡಿತ ಬೇಕು, ದಿನಕ್ಕೆರಡು ಹೊತ್ತು ಅಭ್ಯಾಸ ಬೇಕು. ವಾರಕ್ಕೆ ಮೂರು ದಿನ ಟ್ರಾಫಿಕ್ ದಾಟಿ ಬರುವವನಿಗೆ, ಮಗು ಮಲಗಿಸಿ ಬರುವವಳಿಗೆ, ಎದುರಾಳಿಯನ್ನು ಅಂಟಿಸಿಕೊಂಡು ನಿಧಾನ ಮಾಡುವ ಆಟವೇ ಸರಿ. ಹಳೇದು ಅಂದರೆ ಕೆಟ್ಟದ್ದು ಅಂತ ಯಾರು ಹೇಳಿದರು? ರಾಗಿ ಮುದ್ದೆಯೂ ಹಳೇದೇ.

ಇಷ್ಟಾದರೂ ನಂಬಿಕೆ ಬರದವರಿಗೆ ಮೂರು ಪಂದ್ಯ ಹೇಳುತ್ತೇನೆ. ಹುಡುಕಿ ನೋಡಿ.

ಒಂದು, 1994ರ ಡಿಸೆಂಬರ್, ಅಮೆರಿಕದ ಟಲ್ಸಾ ನಗರ, ನಾಲ್ಕನೇ ಯುಎಫ್‌ಸಿಯ ಫೈನಲ್. ಡ್ಯಾನ್ ಸೆವರ್ನ್ ಕಾಲೇಜು ಕುಸ್ತಿಯಲ್ಲಿ ಹೆಸರು ಮಾಡಿದ್ದ ದೈತ್ಯ. ರಾಯ್ಸ್ ಗ್ರೇಸಿ ಅವನಿಗಿಂತ ಮೂವತ್ತು ಕೆಜಿಗೂ ಹೆಚ್ಚು ಹಗುರ. ಹದಿನೈದು ನಿಮಿಷ ರಾಯ್ಸ್ ಕೆಳಗೆ, ಬೇಲಿಗೆ ಒತ್ತಿಕೊಂಡು ಬಿದ್ದಿದ್ದ. ನಮ್ಮ ಮಾವ ನೋಡಿದ್ದರೆ ಹತ್ತು ಸಲ ಚಿತ್ ಅಂದಿರುತ್ತಿದ್ದರು. ಆದರೆ ರಾಯ್ಸ್‌ನ ಕಾಲನ್ನು ಗಮನಿಸಿ. ಕೊನೆಗೆ ಆ ಕಾಲು ಸೆವರ್ನ್‌ನ ಭುಜ ಹತ್ತಿ ಕುತ್ತಿಗೆಯನ್ನು ತಬ್ಬಿಕೊಂಡಿತು. ಟ್ರಯಾಂಗಲ್. ಸೆವರ್ನ್ ಟ್ಯಾಪ್ ಮಾಡಿದ.

ಎರಡು, 2010ರ ಜೂನ್ 26, ಕ್ಯಾಲಿಫೋರ್ನಿಯಾದ ಸಾನ್ ಹೋಸೆ. ರಷ್ಯಾದ ಫೆಡೋರ್ ಎಮೆಲಿಯಾನೆಂಕೊ ಹೆಚ್ಚುಕಡಿಮೆ ಹತ್ತು ವರ್ಷ ಸೋಲು ಕಾಣದವನು. ಬ್ರೆಜಿಲಿನ ಫ್ಯಾಬ್ರಿಸಿಯೊ ವೆರ್ಡೂಮ್ ಕೆಳಗೆ ಬಿದ್ದ, ಫೆಡೋರ್ ಗುದ್ದೋಕೆ ಅವನ ಕಾಲೊಳಗೆ ನುಗ್ಗಿದ. ವೆರ್ಡೂಮ್ ಸೊಂಟಕ್ಕೆ ಕಾಲು ಕಟ್ಟಿ ಕಾಯಲಿಲ್ಲ. ನೇರ ಮೇಲೆ ಹತ್ತಿಸಿದ, ಕೈ ಹಿಡಿದ, ಕುತ್ತಿಗೆ ಹಿಡಿದ. ಒಂದು ಸಲ ಸಡಿಲವಾಯಿತು, ಮತ್ತೆ ಬಿಗಿದ. 1 ನಿಮಿಷ 9 ಸೆಕೆಂಡಿಗೆ ಫೆಡೋರ್ ಟ್ಯಾಪ್ ಮಾಡಿದ.

ಮೂರು, ಅದೇ ವರ್ಷ ಆಗಸ್ಟ್ 7, ಓಕ್ಲೆಂಡ್. ಚೇಲ್ ಸೋನೆನ್ ಅನ್ನುವ ಕುಸ್ತಿಪಟು ಆಂಡರ್ಸನ್ ಸಿಲ್ವಾನನ್ನು ನಾಲ್ಕು ಸುತ್ತು ಕೆಡವಿ ಕೆಡವಿ ಹೊಡೆದ. ಐದನೇ ಸುತ್ತು, ಪಂದ್ಯ ಮುಗಿಯೋಕೆ ಎರಡು ನಿಮಿಷ ಕೂಡ ಇಲ್ಲ. ಅಂಕಗಳಲ್ಲಿ ಸಿಲ್ವಾ ಸೋತೇ ಆಗಿತ್ತು. ಬೆನ್ನ ಮೇಲೆ ಮಲಗಿದ್ದ ಅವನು ಸೋನೆನ್‌ನ ಒಂದು ಕೈ ಹಿಡಿದು, ಕಾಲನ್ನು ಭುಜದ ಮೇಲಿಂದ ಎಸೆದು ಬಿಗಿದುಬಿಟ್ಟ. ಮೇಲಿದ್ದವನು ಸೋತ, ಕೆಳಗಿದ್ದವನು ಗೆದ್ದ.

ಮೂರರಲ್ಲೂ ಗೆದ್ದದ್ದು ಗಟ್ಟಿಯಾಗಿ ಹಿಡಿದು ಕೂತ ಕಾಲಲ್ಲ, ಮೇಲೆ ಹತ್ತಿದ ಕಾಲು.

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ.

ಯಾವ ಜಿಯು-ಜಿಟ್ಸು ಶಾಲೆಗೆ ಹೋದರೂ ಮೊದಲ ದಿನ ಒಂದು ಕಥೆ ಹೇಳುತ್ತಾರೆ. 1882ರಲ್ಲಿ ಕೊಡೊಕಾನ್ ಕಟ್ಟಿದ ಜಿಗೊರೊ ಕಾನೊನ ಶಿಷ್ಯಪರಂಪರೆಯ ಮಿತ್ಸುಯೊ ಮಯೇಡಾ 1914ರಲ್ಲಿ ಬ್ರೆಜಿಲಿಗೆ ಬಂದ, ಅವನ ವಿದ್ಯೆ ಗ್ರೇಸಿ ಕುಟುಂಬಕ್ಕೆ ದಾಟಿತು, ಅವರಲ್ಲಿ ಸಣಕಲು ಮೈಯ ಎಲಿಯೊ ಗ್ರೇಸಿ ಅದನ್ನು ದುರ್ಬಲರಿಗೆ ಹೊಂದುವ ಹಾಗೆ ಮಾಡಿದ. ಸಣ್ಣವನು ದೊಡ್ಡವನನ್ನು ಗೆಲ್ಲುವ ವಿದ್ಯೆ ಇದು. ಈ ಕಥೆಯಲ್ಲಿ ಉತ್ಪ್ರೇಕ್ಷೆ ಇಲ್ಲದಿಲ್ಲ. ನೆಲದ ಮೇಲಿನ ಪಟ್ಟುಗಳು, ಟ್ರಯಾಂಗಲ್ ಕೂಡ, ಜಪಾನಿನ ಜೂಡೋದಲ್ಲೇ ಇದ್ದವು. ಅದು ಹಾಗಿರಲಿ. ಗೋಡೆಯ ಮೇಲೆ ಎಲಿಯೊನ ಫೋಟೋ ಹಾಕಿ, "ಸಣ್ಣವರ ವಿದ್ಯೆ" ಅಂತ ಫೀಸು ತೆಗೆದುಕೊಂಡು, ಆಮೇಲೆ ಸಣ್ಣವರಿಗೆ ಕಲಿಸುವುದೇನು? "ಗಟ್ಟಿಯಾಗಿ ಹಿಡಿ." ಗಟ್ಟಿಯಾಗಿ ಹಿಡಿಯುವುದು ಬಲ ಇರುವವನ ಆಟ! ಎಂಬತ್ತೈದು ಕೆಜಿಯವನು ಸೊಂಟಕ್ಕೆ ಕಾಲು ಹಾಕಿ ಅದುಮಿದರೆ ಪಕ್ಕೆಲುಬು ನೋಯುತ್ತೆ, ಅವನ ಗಾರ್ಡ್ ಹಾಗೂ ಹೀಗೂ ನಡೆಯುತ್ತೆ. ಐವತ್ತು ಕೆಜಿಯವಳು ಅದುಮಿದರೆ ಯಾರಿಗೂ ಏನೂ ಆಗಲ್ಲ. ಅವಳಿಗೆ ಬೇಕಿದ್ದದ್ದು ಏತದ ತುದಿ. ಕೊಟ್ಟದ್ದು ಗೂಟ.

ಮೇಷ್ಟ್ರುಗಳು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಬಹುತೇಕರು ತಮಗೆ ಯಾವ ಅನುಕ್ರಮದಲ್ಲಿ ಹೇಳಿಕೊಟ್ಟರೋ ಅದೇ ಅನುಕ್ರಮದಲ್ಲಿ ಹೇಳಿಕೊಡುತ್ತಾರೆ. ಆದರೆ ಆ ಅನುಕ್ರಮದಲ್ಲಿ ಉಳಿದುಕೊಂಡವರು ಯಾರು ಅಂತ ಒಂದು ಸಲ ಮ್ಯಾಟ್ ಮೇಲೆ ಕಣ್ಣಾಡಿಸಿ ನೋಡಿ. ನಮ್ಮಲ್ಲಿ ಎಪ್ಪತ್ತೈದು ಕೆಜಿಗಿಂತ ಮೇಲಿನವರೇ ಹೆಚ್ಚು. ಹಗುರದವರು ಬರುತ್ತಾರೆ, ಎರಡು ತಿಂಗಳು ನಜ್ಜಾಗುತ್ತಾರೆ, ಹೋಗುತ್ತಾರೆ. ಆಮೇಲೆ "ಅವರಿಗೆ ಛಲ ಇರಲಿಲ್ಲ" ಅನ್ನುತ್ತೇವೆ. ನಾನು ಉಳಿದುಕೊಂಡದ್ದು ಛಲದಿಂದಲ್ಲ ಸ್ವಾಮಿ, ಬರೀ ಹಠಮಾರಿತನ. ಎರಡು ವರ್ಷ ಸೊಂಟಕ್ಕೆ ಕಾಲು ಕಟ್ಟಿಕೊಂಡು ಮಲಗಿದ ಮೇಲೆ, ಊರಿಗೆ ಬಂದಿದ್ದ ಒಬ್ಬ ಹಿರಿಯ ಆಟಗಾರ ಸ್ಪಾರಿಂಗ್ ನಡುವೆ ನನ್ನ ಮಂಡಿ ಹಿಡಿದು ಮೇಲಕ್ಕೆ ತಳ್ಳಿ, "ಇಲ್ಲಿ ಇಡು" ಅಂದ. ಒಂದೇ ಮಾತು. ಆ ತಿಂಗಳಲ್ಲಿ ನನ್ನ ಆಟವೇ ಬೇರೆಯಾಯಿತು. ಖುಷಿಯ ಜೊತೆಗೇ ಸಿಟ್ಟೂ ಬಂತು. ಈ ಒಂದು ಮಾತಿಗೆ ಎರಡು ವರ್ಷ ಯಾಕೆ ಕಾಯಬೇಕಾಯಿತು?

ನಾನು ಕೇಳುವುದು ಬಹಳ ಇಲ್ಲ. ಮೊದಲ ತಿಂಗಳು ಕ್ಲೋಸ್ಡ್ ಗಾರ್ಡ್ ಕಲಿಸುವಾಗ "ಹಿಡಿ" ಅನ್ನುವುದರ ಬದಲು "ಹತ್ತು" ಅನ್ನಿ. ಮೊದಲ ದಿನ ಬೆನ್ನು ಬಗ್ಗಿಸುವುದು ಮಾತ್ರ. ಎರಡನೇ ದಿನ ಸೊಂಟ ಪಕ್ಕಕ್ಕೆ ಸರಿಸಿ ಕಾಲು ಹತ್ತಿಸುವುದು ಮಾತ್ರ, ಪಟ್ಟು ಏನೂ ಬೇಡ. ಮೂರನೇ ದಿನ ಮೇಲಿರುವವನು ಬೆನ್ನು ನೆಟ್ಟಗೆ ಮಾಡೋಕೆ ಪ್ರಯತ್ನಿಸಲಿ, ಕೆಳಗಿರುವವಳು ಬಗ್ಗಿಸಿಯೇ ಇಟ್ಟುಕೊಳ್ಳಲಿ, ಒಂದೊಂದು ನಿಮಿಷ. ಜೊತೆಗೆ ಮಡಚಿದಾಗ ಬಿಟ್ಟು ಹೊರಬರುವುದು ಹೇಗೆ ಅಂತ ಹೇಳಿಕೊಡಿ. ಆಮೇಲೆ ಆರ್ಮ್‌ಬಾರ್. ಹೊಸ ಹುಡುಗಿಯನ್ನು ಮೊದಲ ವಾರವೇ ಎಂಬತ್ತೈದು ಕೆಜಿಯ ಕೆಳಗೆ ಹಾಕಲೇಬೇಕಾದರೆ, ಆ ಎಂಬತ್ತೈದು ಕೆಜಿಯವನಿಗೆ ಹೇಳಿ: ಇವತ್ತು ನಿನ್ನ ಕೆಲಸ ಗೆಲ್ಲುವುದಲ್ಲ, ಅವಳಿಗೆ ಹತ್ತೋಕೆ ಮೆಟ್ಟಿಲಾಗುವುದು.

ಹತ್ತೋಕೆ ಆಗದಿದ್ದರೆ? ಅವನು ಬೆನ್ನು ನೆಟ್ಟಗೆ ಮಾಡಿಯೇ ಬಿಟ್ಟರೆ? ಆಗ ಕೊಂಡಿ ಬಿಟ್ಟು, ಪಾದಗಳನ್ನು ಅವನ ಸೊಂಟದ ಮೇಲಿಟ್ಟು ದೂರ ತಳ್ಳಬೇಕು. ಒಂದೋ ಹತ್ತು, ಇಲ್ಲವೇ ಬಿಡು. ನಡುವೆ ಮಲಗಿ ಕಾಯುವ ಮೂರನೇ ದಾರಿ ಬೇಡ. ಕಾಯುವುದರಿಂದ ಲಾಭ ಆಗುವುದು ಮೇಲಿರುವ ಭಾರದವನಿಗೆ ಮಾತ್ರ.

ಆ ಹುಡುಗಿಯ ಫೋನ್ ನಂಬರ್ ನಮ್ಮ ಗುಂಪಿನಲ್ಲಿ ಇನ್ನೂ ಇತ್ತು. ಹೋದ ವಾರ ಧೈರ್ಯ ಮಾಡಿ ಒಂದು ಸಂದೇಶ ಕಳಿಸಿದೆ. ತಪ್ಪು ನಿಮ್ಮದಲ್ಲ, ನಾವು ಸರಿಯಾಗಿ ಹೇಳಿಕೊಡಲಿಲ್ಲ, ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಹಗುರದವರು ಸೇರಿ ಅಭ್ಯಾಸ ಮಾಡುತ್ತೇವೆ, ಬನ್ನಿ ಅಂತ. ಉತ್ತರ ಇನ್ನೂ ಬಂದಿಲ್ಲ. ಬರದೆಯೂ ಇರಬಹುದು, ಅವರ ಪಕ್ಕೆಲುಬು ಅವರದು.

ದೀಪಾವಳಿಗೆ ಊರಿಗೆ ಹೋದಾಗ ಮಾವನಿಗೆ ವೆರ್ಡೂಮ್ ಪಂದ್ಯ ತೋರಿಸಿದೆ. ಫೆಡೋರ್ ಮೇಲೆ ಬಿದ್ದ ಕೂಡಲೇ "ಚಿತ್" ಅಂದರು. ಟ್ಯಾಪ್ ಮಾಡಿದ್ದನ್ನು ನೋಡಿ ಸುಮ್ಮನಾದರು. ಇನ್ನೊಂದು ಸಲ ಹಾಕು ಅಂದರು. ಮೂರನೇ ಸಲ ನೋಡಿದ ಮೇಲೆ ಎದ್ದು ಹೊರಗೆ ಹೋಗುತ್ತಾ, "ಕಾಲು ಮೇಲಕ್ಕೆ ಹೋಯ್ತು ನೋಡು, ಅಲ್ಲೇ ಅವನು ಕೆಟ್ಟ" ಅಂದರು. ಎರಡು ವರ್ಷ ನನಗೆ ಯಾರೂ ಹೇಳದ ಮಾತನ್ನು ಮಣ್ಣಿನ ಪೈಲ್ವಾನ ಮೂರು ಸಲ ನೋಡಿ ಹೇಳಿದರು.

ನಿಮ್ಮಲ್ಲೂ ಯಾರಾದರೂ ಈ ಆಟ ಕಲಿಯುತ್ತಿದ್ದರೆ, ಅದರಲ್ಲೂ ಹಗುರದವರಾಗಿದ್ದರೆ, ನಾಳೆ ಹೋದಾಗ ಒಮ್ಮೆ ಮಂಡಿ ಮೇಲೆ ಹತ್ತಿಸಿ ನೋಡಿ. ಸರಿ ಅನ್ನಿಸಿದರೆ ಪಕ್ಕದವರಿಗೂ ಹೇಳಿ. ತಪ್ಪು ಅನ್ನಿಸಿದರೆ ನನಗೆ ಹೇಳಿ, ಜಗಳಕ್ಕೆ ತಯಾರಿದ್ದೇನೆ.